ಸೋಮವಾರ ಸಾಯಬೇಕಾದವನು

ರಿಂಗಾಗಿ ರಿಂಗಾಗಿ ತಾನಾಗಿಯೇ ನಿಂತುಹೋದ ಫೋನನ್ನು ಜಲಜಾಕ್ಷಿ ಕಿವಿಯಿಂದ ತೆಗೆದಳು, ಸೆರಗಿನಲ್ಲಿ ಒರೆಸಿದಳು, ಮತ್ತೆ ನಾದಿನಿಯ ಅದೇ ನಂಬರು ಒತ್ತಿದಳು. ಎದುರಿಗೆ ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆಯಲ್ಲಿ ಗಂಡ ಐತಪ್ಪ ಮಲಗಿದ್ದ. ಬಾಡಿಗೆಗೆ ತಂದ ಪೆಟ್ಟಿಗೆ. ಅದರ ಮೋಟರು ಒಂದೇ ಸಮ ಗುರುಗುಟ್ಟುತ್ತಿತ್ತು. ಮೂವತ್ತೊಂದು ವರ್ಷ ಹೋಟೆಲಿನ ಗ್ರೈಂಡರಿನ ಪಕ್ಕದಲ್ಲಿ ನಿಂತವನಿಗೆ ಸತ್ತ ಮೇಲಾದರೂ ಮೋಟರಿನ ಸದ್ದು ತಪ್ಪಬಾರದಿತ್ತೇ ಎಂದು ಅವಳಿಗೆ ಹೊಟ್ಟೆ ಉರಿಯಿತು.

"ಎತ್ತಿದ್ರಾ ಅಕ್ಕ?" ಬಾಗಿಲಲ್ಲಿ ನಿಂತಿದ್ದ ಪ್ರವೀಣ ಕೇಳಿದ. ಅದೇ ಹೋಟೆಲಿನಲ್ಲಿ ಸಪ್ಲಾಯರ್ ಅವನು. ಊರು ಐತಪ್ಪನ ಊರಿನ ಪಕ್ಕದ್ದೇ, ಕಾರ್ಕಳದ ಆಚೆ.

"ಇಲ್ಲ."

"ಆಂಬುಲೆನ್ಸಿನವ ಕೇಳ್ತಿದ್ದಾನೆ. ಹನ್ನೆರಡಕ್ಕೆ ಹೊರಡ್ಬೇಕಂತೆ. ಇಲ್ಲದಿದ್ರೆ ಬೇರೆ ಬಾಡಿಗೆ ಉಂಟಂತೆ."

"ಇರ್ಲಿಕ್ಕೆ ಹೇಳು."

ಮದ್ರಾಸಿನ ಪೆರಂಬೂರಿನ ಆ ಗಲ್ಲಿಯಲ್ಲಿ ಒಂದು ಗಾಡಿ ನಿಂತರೆ ಇನ್ನೊಂದು ಹೋಗಲು ಜಾಗವಿಲ್ಲ. ಆದರೂ ಅಕ್ಕಪಕ್ಕದವರು ಬೈಕುಗಳನ್ನೆಲ್ಲ ತೆಗೆದು ಶಾಮಿಯಾನ ಹಾಕಿದ್ದರು. ಮನೆಯ ಮಾಲಕಿ ಸೆಲ್ವಿ ಬೆಳಿಗ್ಗೆಯಿಂದ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು. ಗಲ್ಲಿಯ ಬಾಯಲ್ಲಿ ಐತಪ್ಪನ ಪಾಸ್‌ಪೋರ್ಟ್ ಫೋಟೋ ಆಳೆತ್ತರಕ್ಕೆ ಹಿಗ್ಗಿ, ಕೆಳಗೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ' ಎಂಬ ಬ್ಯಾನರು ತೂಗುತ್ತಿತ್ತು. ಬದುಕಿದ್ದಾಗ ಆ ಮನುಷ್ಯನ ಫೋಟೋ ರೇಷನ್ ಕಾರ್ಡಿನಿಂದ ಹೊರಗೆ ಬಂದದ್ದಿಲ್ಲ. ಬ್ಯಾನರಿನ ಕೆಳಗೆ ನಾಲ್ಕು ಜನ ತಮಟೆಯವರು ಕೂತು ಬಾರಿಸುತ್ತಿದ್ದರು. ಇಲ್ಲಿ ಸತ್ತರೆ ಹಾಗೆ, ಬೀದಿಗೆಲ್ಲ ಕೇಳಬೇಕು. ಏಳುನೂರು ಚಿಲ್ಲರೆ ಕಿಲೋಮೀಟರು ಆಚೆ, ಯಾರಿಗೆ ಮೊದಲು ಕೇಳಬೇಕಿತ್ತೋ ಅವರು ಮಾತ್ರ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು.

"ಪ್ರವೀಣ, ನಿನ್ನೆ ದೀಕ್ಷಿತ್ ಎಂತ ಹೇಳಿದ, ಸರಿ ಹೇಳು," ಎಂದಳು ಜಲಜಾಕ್ಷಿ. ದೀಕ್ಷಿತ್ ಎಂದರೆ ಐತಪ್ಪನ ತಂಗಿ ವಾರಿಜಳ ಮಗ.

ಪ್ರವೀಣ ಮುಖ ಆಚೆ ತಿರುಗಿಸಿದ. "ಹೇಳಿದೆನಲ್ಲ ಅಕ್ಕ. ಲೈನ್ ಕಟ್ಟಾಯ್ತು."

"ಲೈನ್ ಕಟ್ಟಾಯ್ತಾ, ಅವನು ಕಟ್ ಮಾಡಿದ್ನಾ?"

ಪ್ರವೀಣ ಒಳಗೆ ಬಂದು ಅವಳ ಹತ್ತಿರ ಕೂತ. ಆಮೇಲೆ ಹೇಳಿದ. "ನಾನು 'ದೀಕ್ಷಿತ್, ನಿನ್ನ ಮಾಮ ಇವತ್ತು ಬೆಳಿಗ್ಗೆ ಗ್ರೈಂಡರ್ ಹತ್ರ' ಅಂತ ಹೇಳ್ತಾ ಇದ್ದೆ. ಅಷ್ಟರಲ್ಲಿ ಅವನು 'ಪ್ರವೀಣಣ್ಣ, ಮುಂದೆ ಹೇಳ್ಬೇಡಿ' ಅಂದ. ಮೆಲ್ಲ ಅಂದ. ಹತ್ತಿರ ಯಾರೋ ಇದ್ದ ಹಾಗೆ. 'ಮುಂದೆ ಹೇಳ್ಬೇಡಿ, ನಾನು ಕೇಳ್ಲಿಲ್ಲ' ಅಂತ ಇಟ್ಟುಬಿಟ್ಟ."

ಜಲಜಾಕ್ಷಿಗೆ ಆಗ ಎಲ್ಲ ಅರ್ಥವಾಯಿತು. ನಿನ್ನೆಯೇ ಅರ್ಥವಾಗಬೇಕಿತ್ತು. ಅವರದು ಹಳೆಯ ಅಳಿಯಕಟ್ಟಿನ ಮನೆತನ. ಗಂಡಸು ಎಲ್ಲಿ ದುಡಿಯಲಿ, ಯಾರನ್ನು ಮದುವೆಯಾಗಲಿ, ಅವನು ತಾಯಿಯ ಮನೆಗೆ ಸೇರಿದವನು. ಅವನು ಸತ್ತರೆ ಸೂತಕ ತಂಗಿಗೆ, ತಂಗಿಯ ಮಕ್ಕಳಿಗೆ. ಬೆಂಕಿ ಇಡಬೇಕಾದವನೂ ತಂಗಿಯ ಮಗನೇ. ಆದರೆ ಸೂತಕ ಹಿಡಿಯುವುದು ಜೀವ ಹೋದ ಗಳಿಗೆಯಿಂದಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ. ಕೇಳದವನಿಗೆ ಸೂತಕವಿಲ್ಲ. ನಾಳೆ ಭಾನುವಾರ ವಾರಿಜಳ ಮಗಳು ಪ್ರಣಮ್ಯಾಳ ಮದುವೆ.

ಅವಳು ಫೋನನ್ನು ಐಸ್ ಪೆಟ್ಟಿಗೆಯ ಗಾಜಿನ ಮೇಲೆ ಇಟ್ಟಳು. ಗಾಜಿನ ಕೆಳಗೆ ಐತಪ್ಪನ ಮುಖವಿತ್ತು. ಹಾಗೆ ಇಡಬಾರದು ಅನ್ನಿಸಿ ಮತ್ತೆ ಎತ್ತಿಕೊಂಡಳು.

*

ಐತಪ್ಪ ಮದ್ರಾಸಿಗೆ ಬಂದಾಗ ಹತ್ತೊಂಬತ್ತು. ಊರಿನವರೊಬ್ಬರ ಕೈ ಹಿಡಿದು ಸೆಂಟ್ರಲಿನಲ್ಲಿ ಇಳಿದು, ಅಲ್ಲಿಂದ ನೇರ ಹೋಟೆಲಿನ ಹಿಂಬಾಗಿಲಿಗೆ ಬಂದವನು. ಮೊದಲು ಎಲೆ ತೆಗೆದ, ಆಮೇಲೆ ಪಾತ್ರೆ ತಿಕ್ಕಿದ, ಆಮೇಲೆ ಗ್ರೈಂಡರ್. ಅಲ್ಲಿಂದ ಮೇಲೆ ಹೋಗಲಿಲ್ಲ. ಒಲೆಯ ಹತ್ತಿರಕ್ಕೆ ಅವನನ್ನು ಯಾರೂ ಕರೆಯಲಿಲ್ಲ, ಯಾಕೆ ಕರೆಯಲಿಲ್ಲ ಎಂದು ಅವನೂ ಕೇಳಲಿಲ್ಲ. ಇಡ್ಲಿಗೆ ಅಕ್ಕಿ ತರಿತರಿ, ದೋಸೆಗೆ ನುಣ್ಣಗೆ, ವಡೆಯ ಉದ್ದಿಗೆ ನೀರು ಚಿಮುಕಿಸಿದಷ್ಟೇ. ಕೈ ಹಾಕಿ ತಿರುವಿದರೆ ಅವನಿಗೆ ಹಿಟ್ಟಿನ ಹದ ಗೊತ್ತಾಗುತ್ತಿತ್ತು. ಸದಾ ನೀರಿನಲ್ಲೇ ಇದ್ದು ಉಗುರುಗಳು ಹಳದಿಯಾಗಿ ಸವೆದಿದ್ದವು. ಬೆರಳ ತುದಿಗಳೂ ಸವೆದಿದ್ದವು. ಬ್ಯಾಂಕಿನ ಬೆರಳಚ್ಚಿನ ಯಂತ್ರ ಅವನನ್ನು ಒಂದು ದಿನವೂ ಗುರುತು ಹಿಡಿಯಲಿಲ್ಲ. ಅವನು ಕಟ್ಟುವ ಹಣವನ್ನು ಮಾತ್ರ ತಕರಾರಿಲ್ಲದೆ ತೆಗೆದುಕೊಂಡಿತು.

ಹಣ ಮೊದಲು ಮನಿಯಾರ್ಡರಿನಲ್ಲಿ ಹೋಗುತ್ತಿತ್ತು, ಆಮೇಲೆ ಬ್ಯಾಂಕಿನಲ್ಲಿ, ಈಗೀಗ ಮಗಳು ವೀಕ್ಷಾ ಫೋನಿನಲ್ಲೇ ಒತ್ತಿ ಕಳಿಸುತ್ತಿದ್ದಳು. ಆ ಹಣದಲ್ಲಿ ಹುಲ್ಲಿನ ಮಾಡು ಹೋಗಿ ಹಂಚು ಬಂತು, ಹಂಚು ಹೋಗಿ ತಾರಸಿ ಬಂತು. ವಾರಿಜಳ ಮದುವೆ ಆಯಿತು. ಅವಳ ಗಂಡ ಕುಡಿದು ಸತ್ತ ಮೇಲೆ ಎರಡು ಮಕ್ಕಳ ಶಾಲೆ ಕಾಲೇಜೂ ಆಯಿತು. ಅದು ಐತಪ್ಪನ ಒಂದು ಮನೆಯ ಕತೆಯಲ್ಲ. ಆ ಊರಿನ ಗದ್ದೆಗಳಲ್ಲಿ ಬೆಳೆದದ್ದಕ್ಕಿಂತ ಹೆಚ್ಚು ಅಕ್ಕಿ ಮುಂಬಯಿ, ಮದ್ರಾಸಿನ ಹೋಟೆಲುಗಳ ಹಿಂಬಾಗಿಲಿಂದ ಬಂತು. ಶಾಲೆಯ ಮಾಡು, ಭಜನಾ ಮಂದಿರದ ನೆಲ, ಆಟದ ಮೈದಾನದ ಬೇಲಿ, ಎಲ್ಲದರ ಹಿಂದೆ ಯಾರೋ ಒಬ್ಬ ಎಲೆ ಎತ್ತಿದವನಿದ್ದ. ಊರು ಉದ್ಧಾರವಾಯಿತು ಎಂದು ಭಾಷಣ ಮಾಡಿದವರು ಬೇರೆಯವರು.

ಅವರ ಮನೆಗೂ ರಸ್ತೆಗೂ ನಡುವೆ ಮಳೆಗಾಲದಲ್ಲಿ ತುಂಬಿ ಹರಿಯುವ ಒಂದು ತೋಡು. ದಾಟಲಿಕ್ಕೆ ಎರಡು ಅಡಿಕೆ ಮರದ ಕಾಲುಸಂಕ. ಮಳೆ ಬಿಡದ ಒಂದು ಆಟಿ ತಿಂಗಳಲ್ಲಿ ಐತಪ್ಪನ ತಾಯಿಗೆ ಎದೆನೋವು ಬಂದಾಗ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಆ ಸಂಕದ ಮೇಲೆ ನಾಲ್ಕು ಜನ ಹೊತ್ತರು. ದಾಟುವಷ್ಟರಲ್ಲಿ ಮುಗಿದಿತ್ತು. ಪಂಚಾಯತಿಯವರು ಬರುವ ವರ್ಷ, ಬರುವ ವರ್ಷ ಎಂದು ಏಳು ವರ್ಷ ಕಳೆದರು. ಕೊನೆಗೆ ಐತಪ್ಪನೇ ಸಿಮೆಂಟಿನ ಸಂಕ ಹಾಕಿಸಿದ. ಲಾರಿ ಹೋಗುವಷ್ಟು ಅಗಲದ್ದು. ಅದಕ್ಕಾಗಿ ಐದು ವರ್ಷ ದಿನಕ್ಕೆ ಎರಡು ಪಾಳಿ ಅರೆದ. ಉದ್ಘಾಟನೆಯ ದಿನ ಅಲ್ಲಿಗೆ ಪಂಚಾಯತಿಯ ಬೋರ್ಡು ಬಂತು, ಐತಪ್ಪನಿಗೆ ರಜೆ ಸಿಗಲಿಲ್ಲ.

"ಇಷ್ಟು ಅಗಲ ಯಾಕೆ ಬೇಕಿತ್ತು? ನಮ್ಮಲ್ಲಿ ಸೈಕಲ್ಲೂ ಇಲ್ಲ," ಎಂದು ಜಲಜಾಕ್ಷಿ ಜಗಳಕ್ಕೆ ನಿಂತಿದ್ದಳು. ಆಗ ವೀಕ್ಷಾ ಐದರಲ್ಲಿದ್ದಳು, ಅವಳ ಫೀಸು ಎರಡು ಕಂತು ಬಾಕಿ.

"ನನ್ನನ್ನು ತರುವ ಗಾಡಿ ಅಂಗಳದವರೆಗೆ ಬರ್ಬೇಕಲ್ಲ ಮಾರಾಯ್ತಿ," ಎಂದು ಅವನು ನಕ್ಕಿದ್ದ.

ಹಣ ಕಳಿಸಿದ ದಿನ ಸಂಜೆ ಅವನು ಊರಿಗೆ ಫೋನ್ ಮಾಡುತ್ತಿದ್ದ. ವಾರಿಜ ಮೊದಲ ರಿಂಗಿಗೇ ಎತ್ತುತ್ತಿದ್ದಳು. "ಹಾಕಿದ್ರಾ ಅಣ್ಣ?" ಎಂಬುದೇ ಅವಳ ನಮಸ್ಕಾರ. ದೀಕ್ಷಿತ್ ಫೋನ್ ತೆಗೆದುಕೊಂಡರೆ ಬೈಕಿನ ವಿಷಯ. ಪ್ರಣಮ್ಯಾ ಒಬ್ಬಳು ಮಾತ್ರ, ಎಳೆಯ ಹುಡುಗಿಯಾಗಿದ್ದಾಗಿನಿಂದ, "ಮಾಮ, ಊಟ ಆಯ್ತಾ? ಎಂತ ಪದಾರ್ಥ?" ಎಂದು ಕೇಳುತ್ತಿದ್ದಳು. ಐತಪ್ಪ ಅನ್ನ, ಸಾರು, ಹಪ್ಪಳ ಎಂದು ಒಂದೊಂದಾಗಿ ಒಪ್ಪಿಸುತ್ತಿದ್ದ.

*

ಹತ್ತೂವರೆಯ ಹೊತ್ತಿಗೆ ಪ್ರವೀಣನ ಫೋನು ರಿಂಗಾಯಿತು. ಅವನು ನೋಡಿ, ಜಲಜಾಕ್ಷಿಯ ಕೈಗೆ ಕೊಟ್ಟ.

"ಜಲಜಕ್ಕ, ನಾನು ಕೃಷ್ಣರಾಜ. ಹಾಲಿನ ಡೈರಿಯ ಕೃಷ್ಣರಾಜ," ಎಂದಿತು ಆಚೆಯ ದನಿ. ಊರಿನಲ್ಲಿ ಯಾರ ಮನೆಯ ಮದುವೆ ಮುಂಜಿಯಾದರೂ ಮುಂದೆ ನಿಂತು ಓಡಾಡುವ ಮನುಷ್ಯ. ಅವನ ಹಿಂದಿನಿಂದ ಮೈಕಿನ ಹಾಡು ಕೇಳುತ್ತಿತ್ತು. "ತುಂಬ ಬೇಸರದ ವಿಷಯ. ಐತಪ್ಪಣ್ಣ ಅಂದ್ರೆ ದೇವರಂಥ ಮನುಷ್ಯ."

"ವಾರಿಜ ಎಲ್ಲಿ?"

"ವಾರಿಜಕ್ಕನಿಗೆ ಗೊತ್ತಿಲ್ಲ."

"ಗೊತ್ತಿಲ್ಲದವಳು ಫೋನ್ ಯಾಕೆ ಎತ್ತುದಿಲ್ಲ?"

"ಅದೇ ಜಲಜಕ್ಕ, ಗೊತ್ತಿಲ್ಲ ಅಂದ್ರೆ, ಅವರು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಹೇಳ್ಲಿಕ್ಕೆ ಆಗ್ತದಾ? ಇವತ್ತು ಸಂಜೆ ಮದರಂಗಿಯ ಊಟ, ನಾಳೆ ಹತ್ತೂವರೆಗೆ ಮುಹೂರ್ತ. ಹುಡುಗ ದುಬೈಯಿಂದ ಬಂದದ್ದು, ಗುರುವಾರ ವಾಪಸು ಹೋಗ್ಬೇಕು. ಈಗ ನಿಂತ್ರೆ ಮತ್ತೆ ಯಾವ ವರ್ಷವಾ. ಅದಕ್ಕೆ ಇಲ್ಲಿ ಎಲ್ಲ ಸೇರಿ ಒಂದು ಯೋಚನೆ ಮಾಡಿದ್ದೇವೆ."

ಕೃಷ್ಣರಾಜನ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನುಣ್ಣಗೆ ಬರುತ್ತಿತ್ತು.

"ನೀವು ಅಲ್ಲಿಯೇ ಮುಗಿಸಿ. ಸೋಮವಾರ ಬೆಳಿಗ್ಗೆ ನಾನೇ ಹೋಗಿ ವಾರಿಜಕ್ಕನಿಗೆ ವಿಷಯ ಮುಟ್ಟಿಸ್ತೇನೆ. ನಮ್ಮ ಲೆಕ್ಕದಲ್ಲಿ ಐತಪ್ಪಣ್ಣ ಸೋಮವಾರ ಹೋದ ಹಾಗೆ ಆಗ್ತದೆ. ಯಾರಿಗೂ ದೋಷ ಇಲ್ಲ. ನೀವು ಬೂದಿ ತೆಗೆದುಕೊಂಡು ಬನ್ನಿ, ಉತ್ತರಕ್ರಿಯೆಯ ಬೊಜ್ಜ ಗಡದ್ದು ಮಾಡುವಾ. ಊರಿಗೆ ಊರೇ ಊಟ ಮಾಡ್ಬೇಕು, ಹಾಗೆ."

"ಎಲ್ಲ ಸೇರಿ ಅಂದ್ರಲ್ಲ. ಯಾರೆಲ್ಲ?"

"ಅದು, ಹತ್ತಿರದವರೇ."

"ವಾರಿಜ ಇದ್ಲಾ?"

ಕೃಷ್ಣರಾಜ ಕೆಮ್ಮಿದ. "ಅವರು ಒಳಗಿನ ಕೋಣೆಯಲ್ಲಿ ಇದ್ರು. ಬಾಗಿಲು ಹಾಕಿತ್ತು."

"ಅಂಗಳದ ಮಾವಿನ ಮರದಲ್ಲಿ ಸುಡ್ಬೇಕು ಅಂತ ಇವರು ಎಲ್ಲರ ಎದುರು ಹೇಳಿದ್ರು, ಕೃಷ್ಣರಾಜ. ನೀವೂ ಇದ್ರಿ. ಇವರು ನಿಮ್ಮತ್ರ ಕೇಳಿದ್ದು ಅದೊಂದೇ."

"ಮರ ಈಗ ಇಲ್ಲ ಜಲಜಕ್ಕ." ಸ್ವಲ್ಪ ತಡೆದು, "ಎರಡು ತಿಂಗಳ ಹಿಂದೆಯೇ ಕಡಿಸಿ ಒಣಗಿಸಿ ಇಟ್ಟಾಗಿದೆ. ಮದರಂಗಿಯ ಅಡುಗೆಗೆ ಕಟ್ಟಿಗೆ ಬೇಕಿತ್ತು. ಚಪ್ಪರಕ್ಕೂ ಅದು ಅಡ್ಡ ಬರ್ತಿತ್ತು."

"ಇವರಿಗೆ ಹೇಳಿದ್ರಾ?"

"ಒಂದು ಮರದ ವಿಷಯ ಅಷ್ಟು ದೂರ ಯಾಕೆ ಅಂತ."

ಜಲಜಾಕ್ಷಿ ಫೋನು ಪ್ರವೀಣನಿಗೆ ವಾಪಸು ಕೊಟ್ಟಳು. ಅದರೊಳಗೆ ಕೃಷ್ಣರಾಜ ಇನ್ನೂ ಮಾತಾಡುತ್ತಿದ್ದ.

*

ಅದು ಕಳೆದ ವರ್ಷದ ಬಿಸು, ತುಳುನಾಡಿನ ಹೊಸವರ್ಷದ ಹಬ್ಬ. ಒಂಬತ್ತು ವರ್ಷಗಳ ಮೇಲೆ ಹಬ್ಬಕ್ಕೆಂದು ಐತಪ್ಪನಿಗೆ ರಜೆ ಸಿಕ್ಕಿತ್ತು. ದೇವರೆದುರು ಇಟ್ಟ ಹಣ್ಣುಕಾಯಿಯ ಕಣಿ ನೋಡಿ, ಊಟ ಮಾಡಿ, ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಅವನು ಎದ್ದು ಹೋಗಿ ಅಂಗಳದ ಮೂಲೆಯ ಮಾವಿನ ಮರವನ್ನು ಎರಡು ತೋಳಿನಿಂದ ಅಪ್ಪಿ ಹಿಡಿದು ನೋಡಿದ. ಕೈಗೆ ಕೈ ತಾಗಲಿಲ್ಲ. ಅವನು ಮದ್ರಾಸಿಗೆ ಹೊರಟ ವರ್ಷ ತಾಯಿ ನೆಟ್ಟ ಗಿಡ ಅದು. ಅದರ ನೆರಳಲ್ಲಿ ಅವನು ಕೂತ ದಿನಗಳನ್ನೆಲ್ಲ ಒಟ್ಟು ಸೇರಿಸಿದರೂ ಒಂದು ವರ್ಷ ಆಗುತ್ತಿರಲಿಲ್ಲ.

"ಸಾಕು, ಬೆಳೆದಿದೆ. ಇದು ನನಗೆ," ಎಂದ.

"ಎಂತದು ನಿಮಗೆ?" ಎಂದು ವಾರಿಜ ಕೇಳಿದಳು.

"ನನ್ನನ್ನು ಸುಡ್ಲಿಕ್ಕೆ. ಅಲ್ಲಿ ಮದ್ರಾಸಿನಲ್ಲಿ ಗ್ಯಾಸಿನಲ್ಲಿ ಸುಡ್ತಾರೆ. ಬದುಕಿಡೀ ಮಿಷನ್ ಹತ್ರ ನಿಂತಾಯ್ತು. ಸತ್ತ ಮೇಲೂ ಮಿಷನ್ ಒಳಗೆ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ. ನನ್ನ ಜಾಗ, ನನ್ನ ಮರ. ದೀಕ್ಷಿತ್ ಬೆಂಕಿ ಇಟ್ರೆ ಆಯ್ತು."

"ಬಿಡ್ತು ಅನ್ನಿ ಅಣ್ಣ. ಹಬ್ಬದ ದಿನ ಎಂತ ಮಾತದು," ಎಂದು ವಾರಿಜ ಕಣ್ಣೊರೆಸಿಕೊಂಡಳು. ನಿಜವಾಗಿ ಒರೆಸಿಕೊಂಡಳು. ಅದನ್ನು ಜಲಜಾಕ್ಷಿ ಕಣ್ಣಾರೆ ಕಂಡಿದ್ದಳು. ಈಗ ಅವಳ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಕಲ್ಲು ಹೃದಯದವಳಾಗಿದ್ದರೆ ಬೈದು ಬಿಟ್ಟುಬಿಡಬಹುದಿತ್ತು.

*

"ಮಾಪ್ಪಿಳ್ಳೈ ವೀಟ್ಟುಕ್ಕು ಫೋನ್ ಪಣ್ಣುಮ್ಮಾ," ಎಂದಳು ವೀಕ್ಷಾ. ಅವಳಿಗೆ ತಾಯಿಯ ಮಾತು ಪೂರ್ತಿ ಗೊತ್ತು, ಬಾಯಿಗೆ ಬರುವುದು ಮಾತ್ರ ತಮಿಳು. ಗಂಡಿನ ಮನೆಗೇ ಫೋನ್ ಮಾಡು ಎಂದು ಅವಳು ಮದುವೆಯ ಕಾಗದವನ್ನು ತಾಯಿಯ ಮಡಿಲಿಗೆ ಹಾಕಿದಳು. ಊರಿಗೆ ಹೊರಡಲೆಂದು ಮೊನ್ನೆಯೇ ಕಟ್ಟಿಟ್ಟ ಚೀಲದಿಂದ ತೆಗೆದದ್ದು. ನಿನ್ನೆ ಸಂಜೆಯ ರೈಲಿಗೆ ಮೂವರ ಟಿಕೆಟ್ಟೂ ಅದರೊಳಗೇ ಇತ್ತು. ಐತಪ್ಪ ಸೌಕಾರ್‌ಪೇಟೆಯಲ್ಲಿ ಎರಡು ದಿನ ಅಲೆದು ಪ್ರಣಮ್ಯಾಳಿಗೆ ತಂದ ಸೀರೆಯಿತ್ತು, ಧಾರೆ ಎರೆಯುವಾಗ ಉಡಲೆಂದು ತನಗೆ ತಂದ ಜರಿಯಂಚಿನ ಪಂಚೆಯಿತ್ತು. ಸೋದರಮಾವ ಧಾರೆಗೆ ನಿಲ್ಲಬೇಕು, ಹಳೇ ಪಂಚೆಯಲ್ಲಿ ನಿಂತರೆ ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೆ ಎಂದಿದ್ದ.

ಕಾಗದದ ಹಿಂದೆ ಗಂಡಿನ ತಂದೆಯ ಮೊಬೈಲ್ ನಂಬರಿತ್ತು. ಒಂದು ಮಾತು ಸಾಕು. ಸುದ್ದಿ ಅವರ ಬಾಯಿಗೆ ಬಿದ್ದರೆ ವಾರಿಜ ಯಾವ ಕೋಣೆಯ ಬಾಗಿಲು ಹಾಕಿಕೊಂಡು ಕೂತರೂ ಕೇಳುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂದುಕೊಂಡವರಿಗೆ ನಡುಹೊಳೆಯಲ್ಲೇ ದೋಣಿ ಮಗುಚಿ ತೋರಿಸಬಹುದು. ಜಲಜಾಕ್ಷಿ ಆರು ಅಂಕೆ ಒತ್ತಿದಳು. ಏಳನೆಯದಕ್ಕೆ ಬೆರಳು ಇಟ್ಟಾಗ ಪ್ರಣಮ್ಯಾಳ 'ಊಟ ಆಯ್ತಾ ಮಾಮ' ನೆನಪಾಯಿತು. ಅಳಿಸಿಬಿಟ್ಟಳು.

"ಯಾಕಮ್ಮಾ?" ಎಂದಳು ವೀಕ್ಷಾ. ಅವಳ ದನಿ ಏರಿತು, ಈ ಸಲ ಕನ್ನಡವೇ ಬಂತು. "ನನ್ನ ಕಾಲೇಜಿಗೆ ಅಪ್ಪನ ಹತ್ರ ಇರ್ಲಿಲ್ಲ. ಪ್ರಣಮ್ಯಾ ಮದುವೆ ಆಗ್ಲಿ, ಆಮೇಲೆ ಅಂದ್ರು. ಯಾವತ್ತೂ ಅವರದ್ದು ಆಮೇಲೆ ನಮ್ಮದು. ಈಗ ಅಪ್ಪ ಸತ್ತದ್ದು ಕೂಡ ಅವರ ಮದುವೆ ಆದ ಮೇಲೆಯಾ?"

ಮಗಳ ಮಾತು ಸರಿಯಾಗಿತ್ತು. ಜಲಜಾಕ್ಷಿಗೆ ಸತ್ತವನ ಮೇಲೂ ಸಿಟ್ಟು ಬಂತು. ಸಂಕ ಕಟ್ಟಿದೆ, ಮನೆ ಕಟ್ಟಿದೆ, ನಿನ್ನನ್ನು ಒಳಗೆ ಬಿಡುವ ಒಬ್ಬ ಮನುಷ್ಯನನ್ನು ಕಟ್ಟಿಕೊಳ್ಳಲಿಲ್ಲ ಎಂದು ಗಾಜಿನ ಮೇಲೆ ಬಡಿದು ಕೇಳಬೇಕೆನಿಸಿತು.

ಹನ್ನೊಂದೂವರೆಗೆ ಹೋಟೆಲಿನ ಯಜಮಾನರು ಗುಲಾಬಿ ಹಾರ ತಂದರು. ಪೆಟ್ಟಿಗೆಯ ಮೇಲೆ ಇಟ್ಟು, ಕೈ ಮುಗಿದು, ಒಂದು ನಿಮಿಷ ನಿಂತರು. "ನಿನ್ನೆ ದೋಸೆಗೆ ಹದ ಬರಲಿಲ್ಲಮ್ಮ. ಗಿರಾಕಿಗಳೇ ಕೇಳಿದರು," ಎಂದರು. ಹೊಗಳಿಕೆಯಾಗಿಯೇ ಹೇಳಿದರು ಪಾಪ. ಆಮೇಲೆ ಪ್ರವೀಣನಿಂದ ವಿಷಯ ತಿಳಿದು ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಅಷ್ಟು ದೂರ ಹೋಗಿ ಅಂಗಳದಲ್ಲಿ ಜಗಳ ಆದರೆ ಹೆಣದ ಎದುರು ಚೆನ್ನಾಗಿರುವುದಿಲ್ಲ. ಇಲ್ಲೇ ಕಾರ್ಪೊರೇಷನ್ ಸ್ಮಶಾನ ಇದೆ. ಒಂದು ಗಂಟೆಯ ಕೆಲಸ. ವ್ಯಾನಿಗೆ ನಾನು ಹೇಳುತ್ತೇನೆ. ಮಧ್ಯಾಹ್ನದ ಪಾಳಿಗೆ ಹುಡುಗರೂ ವಾಪಸು ಬರಬೇಕು."

ಜಲಜಾಕ್ಷಿ ಗಲ್ಲಿಯ ಕಡೆ ನೋಡಿದಳು. ಆಂಬುಲೆನ್ಸಿನವನು ಸಿಗರೇಟು ಮುಗಿಸಿ ಗಡಿಯಾರ ನೋಡುತ್ತಿದ್ದ. ಬಾಗಿಲು ಹಾಕಿದ ಮನೆಗೆ ಹೆಣ ತೆಗೆದುಕೊಂಡು ಹೋಗಿ, ಚಪ್ಪರದ ಕೆಳಗೆ ಇಳಿಸಿ, ಯಾರ ಹತ್ತಿರ ಕಟ್ಟಿಗೆ ಬೇಡಲಿ? ಬೆಂಕಿ ಇಡಬೇಕಾದವನೇ 'ನಾನು ಕೇಳಲಿಲ್ಲ' ಅಂದಿದ್ದಾನೆ.

"ಸರಿ. ಇಲ್ಲೇ ಆಗ್ಲಿ," ಎಂದಳು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಪೆಟ್ಟಿಗೆಯ ಮೋಟರು ನಿಲ್ಲಿಸಿದರು. ಹೊಸ ಪಂಚೆಯನ್ನು ಉಡಿಸಿದರು, ಅದರ ಮಡಿಕೆ ಇನ್ನೂ ಮುರಿದಿರಲಿಲ್ಲ. ಸೆಲ್ವಿ ಕೊಡದಲ್ಲಿ ನೀರು ತಂದಳು. ಹೊರಗೆ ತಮಟೆ ಜೋರಾಯಿತು. ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು. ಜಲಜಾಕ್ಷಿಯ ಸರದಿ ಬಂದಾಗ ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. ಬ್ಯಾಂಕಿನವರೋ ಇನ್ಷೂರೆನ್ಸಿನವರೋ ಎಂದುಕೊಂಡು ಕಟ್ ಮಾಡಲು ಹೋದವಳು ಯಾಕೋ ಎತ್ತಿದಳು.

"ಮಾಮಿ, ನಾನು ಪ್ರಣಮ್ಯಾ. ಇದು ಮದರಂಗಿ ಹಾಕುವವಳ ಫೋನ್. ನನ್ನದನ್ನು ನಿನ್ನೆಯೇ ಅಣ್ಣ ತೆಗೆದಿಟ್ಟಿದ್ದಾನೆ, ಮದುಮಗಳಿಗೆ ಫೋನ್ ಯಾಕೆ ಅಂತ. ನೀವು ಎಲ್ಲಿದ್ದೀರಿ? ರೈಲು ಬೆಳಿಗ್ಗೆಯೇ ಬಂತಂತೆ. ಅಮ್ಮನತ್ರ ಕೇಳಿದ್ರೆ ರೈಲು ಲೇಟ್ ಅಂತಾಳೆ, ಅಣ್ಣನತ್ರ ಕೇಳಿದ್ರೆ ಟಿಕೆಟ್ ಸಿಗ್ಲಿಲ್ಲ ಅಂತಾನೆ. ಮಾಮನಿಗೆ ಕೊಡಿ ಒಮ್ಮೆ."

ಆಚೆ ಮೈಕಿನಲ್ಲಿ ಯಾವುದೋ ಸಿನಿಮಾದ ಹಾಡು, ಪಾತ್ರೆಗಳನ್ನು ಇಳಿಸುವ ಸದ್ದು, ಹೆಂಗಸರ ನಗು.

"ಅದೆಂತ ಮಾಮಿ, ಅಲ್ಲಿ ಶಬ್ದ?"

ತಮಟೆಯವರಿಗೆ ನಿಲ್ಲಿಸಿ ಎಂದು ಕೈ ಮಾಡಬಹುದಿತ್ತು. ಪಕ್ಕದ ಬೀದಿಯಲ್ಲಿ ಉತ್ಸವ ಎನ್ನಬಹುದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಆ ಮನೆಯಲ್ಲಿ ಕೇಳಬೇಕೆಂದು ಕೇಳುತ್ತಿದ್ದವಳು ಇವಳೊಬ್ಬಳೇ. ಇವಳಿಗೂ ಸುಳ್ಳು ಹೇಳಿದರೆ ತನಗೂ ಕೃಷ್ಣರಾಜನಿಗೂ ಏನು ವ್ಯತ್ಯಾಸ?

"ಪ್ರಣಮ್ಯಾ, ನಾನು ಹೇಳ್ತೇನೆ. ಆದ್ರೆ ನೀನು ಒಮ್ಮೆ ಯೋಚನೆ ಮಾಡು. ಇದನ್ನು ಕೇಳಿದ್ರೆ ನಾಳೆ ನಿನ್ನ ಮದುವೆ ಇಲ್ಲ. ನಿನ್ನ ಮನೆಯವರು ನಿನ್ನೆಯಿಂದ ಕೇಳದೆ ಕೂತಿದ್ದಾರೆ. ನಿನಗೂ ಬೇಡ ಅಂದ್ರೆ ಫೋನ್ ಇಡು. ನಾನು ತಪ್ಪು ತಿಳಿಯುದಿಲ್ಲ."

ಹುಡುಗಿಗೆ ಅಷ್ಟರಲ್ಲೇ ತಿಳಿದಿರಬೇಕು. ಹತ್ತಿರ ಬರುತ್ತಿರುವ ವಾರಿಜಳ ದನಿ ಕೇಳಿಸಿತು. "ಯಾರ ಫೋನದು? ಯಾರತ್ರ ಮಾತಾಡುದು ನೀನು? ಇಡು. ಪ್ರಣಮ್ಯಾ, ಇಡು ಹೇಳಿದ್ದು."

"ಹೇಳಿ ಮಾಮಿ," ಎಂದಳು ಪ್ರಣಮ್ಯಾ.

"ನಿನ್ನ ಮಾಮ ನಿನ್ನೆ ಬೆಳಿಗ್ಗೆ ತೀರಿಹೋದ್ರು ಮಗಾ. ಇಲ್ಲಿ ಈಗ ಹೊರಗೆ ತೆಗೀತಾ ಇದ್ದಾರೆ."

ಮೊದಲು ಅತ್ತವಳು ಹುಡುಗಿಯಲ್ಲ, ವಾರಿಜ. ನಿನ್ನೆಯಿಂದ ಗಂಟಲಲ್ಲಿ ಒತ್ತಿ ಹಿಡಿದದ್ದು 'ಅಣ್ಣಾ' ಎಂದು ಒಮ್ಮೆಗೇ ಹೊರಗೆ ಬಂತು. ಸುಳ್ಳು ಅಳುವಲ್ಲ ಅದು. ಜಲಜಾಕ್ಷಿ ಅದನ್ನು ಕೇಳಿದಳು, ಅವಳ ಸಿಟ್ಟು ಒಂದು ಕೂದಲಿನಷ್ಟೂ ಇಳಿಯಲಿಲ್ಲ.

"ಹೊರಗೆ ತೆಗೀಬೇಡಿ ಮಾಮಿ," ಎಂದಳು ಪ್ರಣಮ್ಯಾ. "ಇಲ್ಲಿಗೆ ಕರ್ಕೊಂಡು ಬನ್ನಿ. ಮಾಮ ಹೇಳಿದ್ದು ನನಗೆ ನೆನಪುಂಟು. ಒಲೆಗೆ ಇನ್ನೂ ಬೆಂಕಿ ಹಾಕ್ಲಿಲ್ಲ."

ಕಡೆಯ ಮಾತು ಜಲಜಾಕ್ಷಿಗೆ ಕೂಡಲೇ ಅರ್ಥವಾಗಲಿಲ್ಲ. ಅವಳು ಪ್ರವೀಣನ ಕಡೆ ತಿರುಗಿ ಗಲ್ಲಿಯತ್ತ ಕೈ ತೋರಿಸಿದಳು. ಪ್ರವೀಣ ಚಪ್ಪಲಿ ಮೆಟ್ಟದೆ ಓಡಿದ. ಆಂಬುಲೆನ್ಸು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಯಜಮಾನರು ಏನೋ ಹೇಳಲು ಬಂದರು. ವೀಕ್ಷಾ ಅಡ್ಡ ನಿಂತಳು.

ಆಚೆ ಫೋನನ್ನು ಕಟ್ ಮಾಡಿರಲಿಲ್ಲ. ಎಲ್ಲೋ ಕೆಳಗೆ ಇಟ್ಟಿದ್ದಿರಬೇಕು. "ಮದರಂಗಿ ಒದ್ದೆ ಉಂಟು, ಕೈ, ಕೈ," ಎಂದು ಯಾರೋ ಹುಡುಗಿ ಕೂಗಿದಳು. ಮೈಕಿನ ಹಾಡು ಚರಣದ ಮಧ್ಯದಲ್ಲೇ ನಿಂತಿತು. ನಗುವೂ ನಿಂತಿತು. ಆಮೇಲೆ ಒಂದು ಸದ್ದು. ಭಾರವಾದದ್ದೇನನ್ನೋ ನೆಲಕ್ಕೆ ಹಾಕಿದ ಹಾಗೆ. ಸ್ವಲ್ಪ ಬಿಟ್ಟು ಇನ್ನೊಂದು.

"ಅದು ಅಡುಗೆಗೆ ಇಟ್ಟ ಮಾವಿನ ಕಟ್ಟಿಗೆ ಮಾರಾಯ್ತಿ, ಎಲ್ಲಿಗೆ ತೆಗೆದುಕೊಂಡು ಹೋಗ್ತಿದ್ದೀ?" ಎಂದು ಕೃಷ್ಣರಾಜನ ದನಿ.

ಜಲಜಾಕ್ಷಿ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಬಳೆಗಳು ಸದ್ದು ಮಾಡುತ್ತ ಅಂಗಳದ ಉದ್ದಕ್ಕೂ ಹೋಗಿ, ಮರವಿದ್ದ ಮೂಲೆಯಲ್ಲಿ ನಿಂತು, ಕಟ್ಟಿಗೆಯ ಮೇಲೆ ಕಟ್ಟಿಗೆ ಬೀಳುವುದು ಕೇಳುತ್ತಿತ್ತು.